ಕಿಸೆಯೊಳಗಿನ ಫೋನು: ಹೊಣೆ ಯಾರದು?

ಬೀಜೋಪಚಾರ, ಹಸಿರೆಲೆ ಗೊಬ್ಬರ, ಕಳೆ ಕೀಳುವುದು, ಇವೆಲ್ಲವನ್ನು ಕುರಿತು ತಾವು ಈ ಮೊದಲು ಸಾಕಷ್ಟು ಕೇಳಿದ್ದೀರಿ. ಈ ದಿನ ನಾನು ನಾಲ್ಕು ಮಾತು ಆಡಬೇಕೆಂದಿರುವುದು ತಮ್ಮ ಕಿಸೆಯೊಳಗಿನ ಫೋನನ್ನು ಕುರಿತು. "ಕೃಷಿ ಇಲಾಖೆಯವನಿಗೆ ಫೋನಿನ ಉಸಾಬರಿ ಯಾಕಪ್ಪಾ?" ಎಂದು ಯಾರಾದರೂ ಕೇಳಬಹುದು. ರೋಹಿಣಿ ಮಳೆಗೆ ಮುಂಚೆ ಬೀಜ ಗೊಬ್ಬರಕ್ಕೆಂದು ಕೂಡಿಟ್ಟ ದುಡ್ಡು ಗದ್ದೆಯ ಮೋರೆ ಕಾಣುವ ಮೊದಲೇ ಖಾತೆಯಿಂದ ಮಾಯವಾದರೆ, ಆಮೇಲೆ ಬೀಜೋಪಚಾರದ ಪಾಠ ಯಾವ ಬೀಜಕ್ಕೆ ಹೇಳೋಣ?

ಜೋಯಿಡಾ ತಾಲ್ಲೂಕಿನ ರಾಮನಗರ ತಮ್ಮಲ್ಲಿ ಅನೇಕರಿಗೆ ಗೊತ್ತು. ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು ಕಟ್ಟಿದಾಗ ಮನೆ ಮಠ, ಗದ್ದೆ ತೋಟ ನೀರಿನ ಕೆಳಗೆ ಹೋಗಿ, ಅಲ್ಲಿಯ ಜನ ಬಂದು ನೆಲೆಸಿದ ಊರು ಅದು. ಕಾಗದದ ಬೆಲೆ ಏನು, ಸಹಿಯ ಬೆಲೆ ಏನು ಎಂಬುದನ್ನು ಅಲ್ಲಿಯ ಹಿರಿಯರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಪೇಟೆಯಲ್ಲಿ ಫೋನು ಚೆನ್ನಾಗಿ ಹತ್ತುತ್ತದೆ. ಕಾಡಿನೊಳಗಿನ ಹಳ್ಳಿಗೆ ಹೋದಿರೋ, ಗುಡ್ಡ ಹತ್ತಿ ನಿಂತರೆ ಒಂದು ಕಡ್ಡಿ, ಇಳಿದರೆ ಅದೂ ಇಲ್ಲ. ಹಣ ಹೋದ ಸುದ್ದಿ ಹೊತ್ತ ಸಂದೇಶವೂ ಅಷ್ಟೇ ತಡವಾಗಿ ಬರುತ್ತದೆ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹಳ್ಳಿಗಳಲ್ಲಿ ಕಟ್ಟೆಯ ಮೇಲೆ ಕುಳಿತಾಗ ಈ ಫೋನಿನ ವ್ಯವಹಾರದ ಬಗ್ಗೆ ಮೂರು ನಮೂನೆಯ ಮಾತು ನನ್ನ ಕಿವಿಗೆ ಬೀಳುತ್ತವೆ.

ಮೊದಲನೆಯದು, "ಸಾಹೇಬ್ರ, ನಮ್ಮಂಥವರ ಖಾತ್ಯಾಗ ಕದಿಯಾಕ ಏನೈತ್ರಿ?" ಎಂಬುದು. ಯಾಕಿಲ್ಲ ಅಜ್ಜಾರ? 2019ರಲ್ಲಿ ಆರಂಭವಾದ ಪಿಎಂ ಕಿಸಾನ್ ಯೋಜನೆಯಡಿ ವರ್ಷಕ್ಕೆ 6,000 ರೂಪಾಯಿ ಮೂರು ಕಂತಿನಲ್ಲಿ ಆ ಖಾತೆಗೇ ಬೀಳುತ್ತದೆ. ಬೆಳೆಸಾಲ ಬೀಳುತ್ತದೆ, ಭತ್ತ ಕಬ್ಬಿನ ದುಡ್ಡು ಬೀಳುತ್ತದೆ. ಮತ್ತೊಂದು ಸಂಗತಿ ಅನೇಕರಿಗೆ ತಿಳಿಯದು. ಖಾಲಿ ಖಾತೆಯ ಮೇಲೂ ಕಳ್ಳರಿಗೆ ಆಸೆಯಿದೆ. ಬೇರೆಯವರಿಂದ ಕದ್ದ ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸಲಿಕ್ಕೆ ಬಡವರ ಖಾತೆ ಬೇಕು. "ನಿನ್ನ ಪಾಸ್‌ಬುಕ್ಕು, ಸಿಮ್ಮು ಕೊಡು, ತಿಂಗಳಿಗಿಷ್ಟು ಕೊಡುತ್ತೇನೆ" ಎಂದು ಬರುವವನು ಇದಕ್ಕಾಗಿಯೇ ಬರುತ್ತಾನೆ. ಪೊಲೀಸರು ಬಂದಾಗ ಸಿಗುವ ಹೆಸರು ಖಾತೆಯ ಒಡೆಯನದು.

ಎರಡನೆಯದು, "ಅದೆಲ್ಲ ಹುಡುಗರ ಬಾಬತ್ತು" ಎಂಬುದು. ಫೋನು ತಂದೆಯ ಹೆಸರಿನಲ್ಲಿ, ಪಿನ್ ಮಗನ ತಲೆಯಲ್ಲಿ, ಆಧಾರ್ ಕಾರ್ಡಿನ ನಕಲು ಅಂಗಡಿಯವನ ಡಬ್ಬಿಯಲ್ಲಿ! ಮನೆಯ ಮಗನಾದರೂ ಇರಲಿ ಎನ್ನೋಣ. ಅರ್ಜಿ ತುಂಬಿಕೊಡುವ ಅಪರಿಚಿತನಿಗೆ ಫೋನನ್ನೇ ಕೈಗೆ ಕೊಟ್ಟು, "ಏನ್ ಬರ್ತೈತಿ ನೀವ ನೋಡ್ಕೊಳ್ರಿ" ಎಂದು ಬೀಡಿ ಹಚ್ಚಲು ಹೊರಗೆ ಹೋಗುವವರನ್ನು ಏನೆನ್ನಬೇಕು? ಓಟಿಪಿ ಎಂಬ ಸಂಖ್ಯೆ ಬಂದಾಗ ಅದರ ಜೊತೆ ಯಾವ ಕೆಲಸಕ್ಕೆ ಬಂದದ್ದು ಎಂದು ಬರೆದಿರುತ್ತದೆ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮೊಮ್ಮಗಳಿಂದ ಓದಿಸಿ, ಆಮೇಲೆ ಹೇಳಬಹುದೋ ಬಾರದೋ ತೀರ್ಮಾನಿಸಿರಿ.

ಪಿನ್ನಿನ ವಿಷಯದಲ್ಲಿ ಒಂದೇ ಸಂಗತಿ ತಿಳಿದರೆ ಅರ್ಧ ಮೋಸ ತಪ್ಪುತ್ತದೆ. 2016ರಲ್ಲಿ ಬಂದ ಯುಪಿಐ ಪದ್ಧತಿಯಲ್ಲಿ ಹಣ ಕಳಿಸಲಿಕ್ಕೆ ಪಿನ್ ಬೇಕು; ಹಣ ಪಡೆಯಲಿಕ್ಕೆ ಬೇಡ. ದೇವಸ್ಥಾನದ ಹುಂಡಿಗೆ ಕಾಣಿಕೆ ಹಾಕಲು ಬೀಗದ ಕೈ ಬೇಕೇ? ತೆಗೆಯಲು ಮಾತ್ರ ಬೇಕಷ್ಟೆ. "ನಿಮ್ಮ ಗೋಡಂಬಿ ನಾನು ಕೊಳ್ಳುತ್ತೇನೆ, ಮುಂಗಡ ಕಳಿಸಿದ್ದೇನೆ, ಆ ಚೌಕ ಗುರುತನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ, ಹಣ ಬರುತ್ತದೆ" ಎಂದು ಯಾರಾದರೂ ಫೋನಿನಲ್ಲಿ ಹೇಳಿದರೆ, ಆತ ತಮ್ಮ ಹುಂಡಿಯ ಬೀಗದ ಕೈ ಕೇಳುತ್ತಿದ್ದಾನೆಂದೇ ತಿಳಿಯಿರಿ.

ಇನ್ನು ಹೆಬ್ಬೆಟ್ಟಿನ ವಿಷಯ. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬಾರದು ಎಂಬುದನ್ನು ನಮ್ಮ ಹಿರಿಯರು ಹೊಲ ಮನೆ ಕಳೆದುಕೊಂಡು ಕಲಿತರು. ಈಗ ಕಾಗದ ಹೋಗಿ ಚಿಕ್ಕ ಯಂತ್ರ ಬಂದಿದೆ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಹೆಬ್ಬೆಟ್ಟು, ಈ ಮೂರು ಸೇರಿದರೆ ಓಟಿಪಿಯಿಲ್ಲದೆ ಹಣ ಹೊರಗೆ ಬರುತ್ತದೆ. ಬ್ಯಾಂಕು ದೂರವಿರುವ ಕಾಡಿನ ಊರಿನ ಮುದುಕಿಗೆ ಇದರಿಂದ ಬಹಳ ಅನುಕೂಲವಾಗಿದೆ. ಅದನ್ನು ನಾನು ಹಳಿಯುವುದಿಲ್ಲ. ಆದರೆ "ಆಗಲಿಲ್ಲ ಅಮ್ಮಾ, ಇನ್ನೊಮ್ಮೆ ಒತ್ತು" ಎಂದು ಯಂತ್ರದವನು ಹೇಳಿದರೆ, ಮೊದಲಿನದು ಆಗಲಿಲ್ಲವೆಂಬುದಕ್ಕೆ ಚೀಟಿ ಕೇಳಿರಿ. ಚೀಟಿ ಕೊಡದವನ ಯಂತ್ರಕ್ಕೆ ಎರಡನೆಯ ಸಲ ಬೆರಳು ಕೊಡಬೇಡಿ. ಪಾಸ್‌ಬುಕ್ಕನ್ನು ತಿಂಗಳಿಗೊಮ್ಮೆ ಬ್ಯಾಂಕಿನಲ್ಲಿ ತುಂಬಿಸಿಕೊಳ್ಳಿರಿ.

ಬೆರಳು ಕೊಡದೆಯೂ ಮೋಸ ನಡೆದದ್ದುಂಟು. 2023ರಲ್ಲಿ ನಮ್ಮ ರಾಜ್ಯದಲ್ಲಿಯೇ, ಮಂಗಳೂರು ಕಡೆ, ಆಸ್ತಿ ನೋಂದಣಿಯ ಪತ್ರಗಳ ಮೇಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ ಖಾತೆಯಿಂದ ಹಣ ತೆಗೆದ ಪ್ರಕರಣಗಳು ಪೊಲೀಸರ ಮುಂದೆ ಬಂದವು. ಅಲ್ಲಿ ಖಾತೆದಾರನ ತಪ್ಪೇನು? ಏನೂ ಇಲ್ಲ. ಆದರೂ ತಡೆಯುವ ಉಪಾಯವಿದೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ತಮ್ಮ ಬೆರಳಚ್ಚಿಗೆ ಬೀಗ ಹಾಕಿಕೊಳ್ಳಬಹುದು. ಸಹಾಯಕ್ಕೆ 1947 ಸಂಖ್ಯೆಯಿದೆ. ಇದರಲ್ಲಿ ಒಂದು ತೊಡಕು: ಬೀಗ ಹಾಕಿದ ಮೇಲೆ ನ್ಯಾಯಬೆಲೆ ಅಂಗಡಿಯ ಯಂತ್ರವೂ ಆ ಬೆರಳನ್ನು ಒಪ್ಪುವುದಿಲ್ಲ, ಬೇಕಾದಾಗ ಸ್ವಲ್ಪ ಹೊತ್ತು ತೆರೆದುಕೊಳ್ಳಬೇಕು. ಅದಕ್ಕೆ ನಾನು ಹೇಳುವುದಿಷ್ಟು, ರೇಷನ್ ತರಲು ಮನೆಯಲ್ಲಿ ಒಬ್ಬರು ಇರಲಿ, ಅವರ ಬೆರಳು ತೆರೆದಿರಲಿ, ದೊಡ್ಡ ಮೊತ್ತ ಆ ಖಾತೆಯಲ್ಲಿ ಬೇಡ. ಉಳಿದವರು ಬೀಗ ಹಾಕಿಕೊಳ್ಳಲಿ.

ಮೂರನೆಯ ಮಾತೇ ನನಗೆ ಬಹಳ ವ್ಯಥೆ ಕೊಡುವಂಥದು. ಹಣ ಹೋದ ಮೇಲೆ ಒಬ್ಬರು, "ಬ್ಯಾಂಕಿನವರೇ ತುಂಬಿಕೊಡ್ಬೇಕು, ನಮಗೇನ್ ಸಂಬಂಧ?" ಎಂದು ಹಾರಾಡುತ್ತಾರೆ. ಇನ್ನೊಬ್ಬರು, "ಹೋದದ್ದು ಹೋತು, ಊರಾಗ ಹೇಳಿದ್ರ ನಗ್ತಾರ" ಎಂದು ಬಾಯಿ ಮುಚ್ಚಿ ಕೂಡುತ್ತಾರೆ. ಇಬ್ಬರೂ ಕೆಡುತ್ತಾರೆ, ಹೆಚ್ಚು ಕೆಡುವವನು ಬಾಯಿ ಮುಚ್ಚಿದವನು.

ಹೊಣೆ ಯಾರದು ಎಂಬುದಕ್ಕೆ ಲೆಕ್ಕವಿದೆ. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕು ಒಂದು ಸುತ್ತೋಲೆ ಹೊರಡಿಸಿತು. ಸಹಕಾರಿ ಬ್ಯಾಂಕುಗಳಿಗೂ ಅದೇ ವರ್ಷದ ಡಿಸೆಂಬರಿನಲ್ಲಿ ಇಂಥದೇ ಆದೇಶ ಹೋಯಿತು. ಅದರಲ್ಲಿ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ. ಬ್ಯಾಂಕಿನದೇ ಲೋಪವಿದ್ದರೆ ನಷ್ಟ ಬ್ಯಾಂಕಿನದು. ಬ್ಯಾಂಕಿನದೂ ಅಲ್ಲ, ತಮ್ಮದೂ ಅಲ್ಲ, ನಡುವೆ ಎಲ್ಲಿಯೋ ಮೋಸವಾಯಿತು ಎನ್ನಿ. ಬ್ಯಾಂಕಿನ ಸಂದೇಶ ಬಂದ ಮೇಲೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ತಮ್ಮ ನಷ್ಟ ಸೊನ್ನೆ. ನಾಲ್ಕರಿಂದ ಏಳು ದಿನದೊಳಗೆ ತಿಳಿಸಿದರೆ ನಷ್ಟಕ್ಕೆ ಮಿತಿಯುಂಟು: ಕನಿಷ್ಠ ಸೌಲಭ್ಯದ ಉಳಿತಾಯ ಖಾತೆಗೆ ಹೆಚ್ಚೆಂದರೆ 5,000 ರೂಪಾಯಿ, ಸಾಮಾನ್ಯ ಉಳಿತಾಯ ಖಾತೆಗೆ 10,000. ಏಳು ದಿನ ದಾಟಿದರೆ ಬ್ಯಾಂಕಿನ ಆಡಳಿತ ಮಂಡಳಿಯ ಧೋರಣೆಯಂತೆ. ತಾವೇ ಪಿನ್ನೋ ಓಟಿಪಿಯೋ ಬೇರೆಯವರಿಗೆ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ತಮ್ಮದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ತಪ್ಪು ಖಾತೆದಾರನದು ಎಂದು ರುಜುವಾತು ಮಾಡುವ ಭಾರವೂ ಬ್ಯಾಂಕಿನ ಮೇಲೆಯೇ.

ಇಂಥ ನಿಯಮಗಳನ್ನು ರಿಸರ್ವ್ ಬ್ಯಾಂಕು ಆಗಾಗ ತಿದ್ದುವುದುಂಟು. ದಿನ, ಮೊತ್ತ ಈಗ ಎಷ್ಟೆಂದು ತಮ್ಮ ಬ್ಯಾಂಕಿನಲ್ಲಿ ಕೇಳಿ ತಿಳಿಯಿರಿ. ಆದರೆ ನಡೆಯುವ ಗಡಿಯಾರ ಯಾವುದು ಎಂಬುದನ್ನು ಗಮನಿಸಿರಿ. ಓಟಿಪಿ ಹೇಳಿದ ತಪ್ಪಿನವನಿಗೂ ತಿಳಿಸಿದ ಗಳಿಗೆಯಿಂದ ರಕ್ಷಣೆಯಿತ್ತು. ನಾಚಿಕೆಯಿಂದ ಹತ್ತು ದಿನ ಸುಮ್ಮನಿದ್ದವನು, ತನ್ನ ತಪ್ಪೇ ಇಲ್ಲದಿದ್ದರೂ, ಇದ್ದ ಹಕ್ಕನ್ನು ಕೈಯಾರೆ ಸಡಿಲಿಸಿಕೊಂಡ. ಮೇಲಾಗಿ ನಮ್ಮ ಗುಡ್ಡದ ಹಳ್ಳಿಗಳಲ್ಲಿ ಸಂದೇಶ ಬರುವುದೇ ತಡ ಎಂದೆನಲ್ಲ. ಸಂದೇಶ ಕಂಡ ದಿನ, ಹೊತ್ತು ಬರೆದಿಟ್ಟುಕೊಳ್ಳಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬ ರೈತನ ವಾಟ್ಸಾಪಿಗೆ ಅವನ ಸೋದರಮಾವನ ನಂಬರಿನಿಂದಲೇ ಪಿಎಂ ಕಿಸಾನ್ ಎಂಬ ಹೆಸರಿನ ಕಡತ ಬಂತು. ಹೆಸರಿನ ಬಾಲದಲ್ಲಿ ಎಪಿಕೆ ಎಂಬ ಮೂರಕ್ಷರ. ಮಾವನ ಫೋನು ಆಗಲೇ ಕಳ್ಳರ ಕೈವಶವಾಗಿದೆ. ಆ ಪಾಪದ ಮಾವನಿಗೆ ಕಳಿಸಿದ್ದೇ ಗೊತ್ತಿಲ್ಲ. ರೈತ ಅದನ್ನು ಒತ್ತಿ, ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟ. ಅಲ್ಲಿಂದ ಅವನ ಫೋನಿಗೆ ಬರುವ ಓಟಿಪಿ ಕಳ್ಳನಿಗೂ ಕಾಣಹತ್ತಿತು. ಸಂಜೆಗೆ ಹದಿನೆಂಟು ಸಾವಿರ ಹೋಯಿತು. ಈಗ ಅವನು ಮಾಡಬೇಕಾದ್ದೇನು? ಮೊದಲು ಫೋನಿನ ಸಂಪರ್ಕ ಕಡಿದು ಸಿಮ್ ತೆಗೆದಿಡಬೇಕು. ಬೇರೊಬ್ಬರ ಫೋನಿನಿಂದ 1930ಕ್ಕೆ ಕರೆ ಮಾಡಬೇಕು. ಸೈಬರ್ ಮೋಸಕ್ಕಾಗಿಯೇ ಇರುವ ಸಂಖ್ಯೆ ಅದು. ಖಾತೆ ಸಂಖ್ಯೆ, ಹಣ ಹೋದ ಹೊತ್ತು, ಮೊತ್ತ, ಸಂದೇಶದಲ್ಲಿಯ ವ್ಯವಹಾರ ಸಂಖ್ಯೆ ಇವನ್ನು ಕೇಳುತ್ತಾರೆ. ಕದ್ದ ಹಣ ಖಾತೆಯಿಂದ ಖಾತೆಗೆ ಓಡುತ್ತಿರುತ್ತದೆ; ಅದು ಇನ್ನೂ ಯಾವುದೋ ಖಾತೆಯಲ್ಲಿ ನಿಂತಿದ್ದರೆ ಅಲ್ಲಿಯೇ ತಡೆಹಿಡಿಸಲು ಬರುತ್ತದೆ. ಆದ್ದರಿಂದ ನಾಳೆ ಬಸ್ಸಿಗೆ ಪೇಟೆಗೆ ಹೋಗಿ ಹೇಳಿದರಾಯಿತು ಎನ್ನಬಾರದು. ರಾತ್ರಿಯಾದರೂ ಗುಡ್ಡ ಹತ್ತಿ ಕರೆ ಮಾಡಬೇಕು. ಮರುದಿನ ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. 1930 ಎಂಬುದನ್ನು ಸೀಮೆಸುಣ್ಣದಲ್ಲಿ ಬಾಗಿಲ ಹಿಂದೆ ಬರೆದಿಡಿ. ಕಳ್ಳತನವಾದ ಮೇಲೆ ಫೋನಿನೊಳಗೆ ಹುಡುಕಲು ಆಗುವುದಿಲ್ಲ.

ಆ ಕಡತವನ್ನು ಅವನು ಒತ್ತುವ ಮೊದಲು ಊರಿನ ರೈತರ ಗುಂಪಿಗೆ, "ನೋಡ್ರಪಾ, ಎಲ್ಲರೂ ತುಂಬ್ರಿ" ಎಂದು ಹಾಕಿದ್ದರೆ? ಬೆಂಕಿರೋಗ ಬಿದ್ದ ಗದ್ದೆಯ ಭತ್ತವನ್ನು ಬೀಜಕ್ಕೆಂದು ನೆರೆಯವನಿಗೆ ಯಾರೂ ಕೊಡುವುದಿಲ್ಲ. ಫೋನಿಗೆ ಬಂದದ್ದನ್ನು ಮಾತ್ರ ನೋಡದೆ ದಾಟಿಸುತ್ತೇವೆ. ಔಷಧದ ಪ್ರಮಾಣದ ಮಾತೂ ಹಾಗೆಯೇ. ಎಲ್ಲಿಯೋ ಹತ್ತಿಗೆ ಹೇಳಿದ್ದನ್ನು ಇಲ್ಲಿ ಭತ್ತಕ್ಕೆ ಹೊಡೆಯುವವರಿದ್ದಾರೆ. ಡಬ್ಬಿಯ ಮೇಲಿನ ಬರಹ ಓದಿರಿ, ಸಂಶಯ ಬಂದರೆ ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕೇಳಿರಿ. ಕರೆಗೆ ಕಾಸಿಲ್ಲ.

ಇಷ್ಟು ಕೇಳಿ "ಹಂಗಾದ್ರ ಈ ಫೋನ ಬ್ಯಾಡ ಬಿಡ್ರಿ" ಎಂದು ಯಾರೂ ಅನ್ನಬಾರದು. ಬೆಳೆ ಸಮೀಕ್ಷೆಯನ್ನೇ ನೋಡಿರಿ. 2020ರ ಮುಂಗಾರಿನಿಂದ ರೈತನೇ ತನ್ನ ಹೊಲದ ಬೆಳೆಯನ್ನು ಫೋನಿನಲ್ಲಿ ದಾಖಲಿಸುವ ಅವಕಾಶ ನಮ್ಮ ರಾಜ್ಯದಲ್ಲಿ ಬಂತು. ಪರಿಹಾರಕ್ಕೆ, ಬೆಳೆವಿಮೆಗೆ, ಬೆಂಬಲ ಬೆಲೆಯ ಖರೀದಿಗೆ ಆ ದಾಖಲೆಯನ್ನೇ ನೋಡುತ್ತಾರೆ. ವಿಮೆಯ ಅರ್ಜಿಯಲ್ಲಿ ಭತ್ತ, ಸಮೀಕ್ಷೆಯಲ್ಲಿ ಬೀಳು ಎಂದಿದ್ದರೆ ಅರ್ಜಿ ಬಿದ್ದುಹೋಗಬಹುದು. ಇಲ್ಲಿ ಸುಮ್ಮನಿದ್ದರೂ ನಷ್ಟ ತಮ್ಮದೇ. ನೆಟ್‌ವರ್ಕ್ ಇಲ್ಲವೆಂಬ ನೆವವೂ ಬೇಡ. ಪೇಟೆಗೆ ಬಂದಾಗ ತಮ್ಮ ಸರ್ವೆ ನಂಬರಿನ ವಿವರ ಇಳಿಸಿಕೊಂಡು, ಹೊಲದಲ್ಲಿ ನಿಂತು ಚಿತ್ರ ತೆಗೆದು, ಮತ್ತೆ ಸಂಪರ್ಕ ಸಿಕ್ಕಲ್ಲಿ ಏರಿಸಬಹುದು. ಬೇರೆಯವರು ದಾಖಲಿಸಿದ್ದು ಸರಿಯಿದೆಯೇ ಎಂದು ಬೆಳೆ ದರ್ಶಕ ಆಪ್‌ನಲ್ಲಿ ನೋಡಿ, ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಹಾಕಬಹುದು. ಮಾಡಲು ಬಾರದಿದ್ದರೆ ರೈತ ಸಂಪರ್ಕ ಕೇಂದ್ರಕ್ಕೆ ಫೋನು, ಪಹಣಿ ತೆಗೆದುಕೊಂಡು ಬನ್ನಿರಿ, ಕೂತು ತೋರಿಸಿಕೊಡುತ್ತೇವೆ. ಪಿನ್ ಮಾತ್ರ ನಮಗೂ ಹೇಳಬೇಡಿ.