ಹೆಡ್ ಹೊಸದು, ಆದ್ರೂ ಎಂಜಿನ್ ಬಿಸಿ: ಮೊದಲು ಏನು ನೋಡಬೇಕು?

ಸಾಲ ಮಾಡಿ ಸಿಲಿಂಡರ್ ಹೆಡ್ ಬದಲಿಸಿದ ಮೇಲೂ ಗೂಡ್ಸ್ ಗಾಡಿಯ ಟೆಂಪರೇಚರ್ ಮುಳ್ಳು ಏರುತ್ತಲೇ ಇದ್ದರೆ, ಮತ್ತೆ ಹೆಡ್ ಬಿಚ್ಚಿಸೋಕೆ ಆತುರ ಬೇಡ. ಕೂಲೆಂಟ್ ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಂಡರೂ ಹೀಗಾಗುತ್ತದೆ.

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿಸಿ. ಬಿಸಿ ಇದ್ದಾಗ ಮುಟ್ಟಲೇಬೇಡಿ, ಕುದಿನೀರು ಮುಖಕ್ಕೇ ಹಾರುತ್ತೆ. ಗುಳ್ಳೆ ಸ್ವಲ್ಪ ಹೊತ್ತಲ್ಲಿ ನಿಂತರೆ ಅದು ಸಿಕ್ಕಿಕೊಂಡಿದ್ದ ಗಾಳಿ; ಇಳಿದಷ್ಟು ಕೂಲೆಂಟ್ ತುಂಬಿಸಿದರಾಯ್ತು. ನಿಲ್ಲದೆ ಬರ್ತಾನೇ ಇದ್ರೆ ಗ್ಯಾಸ್ಕೆಟ್ ದಾಟಿ ಗ್ಯಾಸ್ ನೀರಿಗೆ ಸೇರುತ್ತಿದೆ ಎಂದು ಅನುಮಾನಿಸಬೇಕು. ಹೆಡ್ ಎಷ್ಟೇ ಹೊಸದಿರಲಿ, ಕೆಳಗಿನ ಬ್ಲಾಕ್ ಮೇಲ್ಮೈ ಸಮ ಇಲ್ಲದಿದ್ದರೆ ಗ್ಯಾಸ್ಕೆಟ್ ಸರಿಯಾಗಿ ಕೂರಲ್ಲ.

ಗುಳ್ಳೆಯೇ ಇಲ್ವಾ? ಹಾಗಾದ್ರೆ ಹಳೆ ಹೆಡ್ ಹಾಳು ಮಾಡಿದ ಕಾರಣವೇ ಇನ್ನೂ ಗಾಡಿಯಲ್ಲಿ ಉಳಿದಿರಬಹುದು: ಕಟ್ಟಿಕೊಂಡ ರೇಡಿಯೇಟರ್, ತಿರುಗದ ಫ್ಯಾನ್, ತೆರೆಯದ ಥರ್ಮೋಸ್ಟಾಟ್. ಥರ್ಮೋಸ್ಟಾಟನ್ನು ನೀರಲ್ಲಿ ಹಾಕಿ ಕುದಿಸಿದರೂ ಬಾಯಿ ಬಿಡದಿದ್ದರೆ ಅದನ್ನು ಬದಲಿಸಲೇಬೇಕು.