ಸೈಕಲ್ ಸವಾರರ ಅಂಜಿಕೆಗೂ ಒಂದು ನಕ್ಷೆ ಬೇಕು

ರಸ್ತೆ ಎಷ್ಟು ಸುರಕ್ಷಿತ ಎಂದು ಕೇಳಿದರೆ ಆಡಳಿತ ಅಪಘಾತಗಳ ಲೆಕ್ಕ ತೋರಿಸುತ್ತದೆ. ಆ ಲೆಕ್ಕಕ್ಕೆ ಸೇರಬೇಕಾದರೆ ಅಪಘಾತವೇ ನಡೆದು, ಅದು ಠಾಣೆಯಲ್ಲಿ ದಾಖಲಾಗಬೇಕು. ಲಾರಿಯೊಂದು ಮೊಣಕೈ ಸವರುವಷ್ಟು ಹತ್ತಿರ ಹಾದುಹೋದದ್ದು ಎಲ್ಲೂ ಬರೆದಿರುವುದಿಲ್ಲ. ಅಂದಿನಿಂದ ಸೈಕಲ್ಲನ್ನೇ ಮೂಲೆಗಿಟ್ಟ ಹುಡುಗಿ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. 2011ರ ಜನಗಣತಿ ಕೇಳಿದ್ದು ಕೆಲಸಕ್ಕೆ ಹೋಗುವವರ ಪ್ರಯಾಣವನ್ನು ಮಾತ್ರ. 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಕರ್ನಾಟಕ ಸರ್ಕಾರ ಕೊಟ್ಟ ಸೈಕಲ್ಲುಗಳು ಶಾಲೆಯ ಹಾದಿಯಲ್ಲಿ ಹೇಗೆ ಓಡಿದವು ಎಂಬುದು ಅದರಲ್ಲಿ ಬರುವುದಿಲ್ಲ. ಈ ಕೊರತೆಯನ್ನು ತುಂಬಲು ಮೈಮೇಲೆ ಧರಿಸುವ ಸಂವೇದಕಗಳು ನೆರವಾಗಬಲ್ಲವು.

ಗಾಬರಿಯಾದಾಗ ಸಿಂಪಥೆಟಿಕ್ ನರಮಂಡಲ ಬೆವರಿನ ಗ್ರಂಥಿಗಳನ್ನು ಕೆಣಕುತ್ತದೆ. ಕಣ್ಣಿಗೆ ಕಾಣದಷ್ಟು ಬೆವರಿದರೂ ಸಾಕು, ಚರ್ಮದಲ್ಲಿ ವಿದ್ಯುತ್ ಸ್ವಲ್ಪ ಸರಾಗವಾಗಿ ಹರಿಯುತ್ತದೆ. ಇದು 19ನೇ ಶತಮಾನದ ಕೊನೆಗೇ ವಿಜ್ಞಾನಿಗಳಿಗೆ ತಿಳಿದಿತ್ತು. ಇಂದಿನ ಕೈಪಟ್ಟಿ ಆ ಏರಿಳಿತವನ್ನು ಮಣಿಕಟ್ಟಿನಲ್ಲೇ ಅಳೆಯುತ್ತದೆ, ಹಸಿರು ಬೆಳಕಿನಿಂದ ನಾಡಿಬಡಿತವನ್ನೂ ಓದುತ್ತದೆ. ಜಿಪಿಎಸ್ ಜೊತೆಗೂಡಿದರೆ ಮೈ ಎಲ್ಲೆಲ್ಲಿ ಬೆಚ್ಚಿತು ಎಂಬುದು ನಕ್ಷೆಯ ಮೇಲೆ ಮೂಡುತ್ತದೆ. ಇಲ್ಲೊಂದು ಸೂಕ್ಷ್ಮವಿದೆ: ಚರ್ಮ ಉತ್ತರಿಸಲು ಒಂದರಿಂದ ಮೂರು ಸೆಕೆಂಡು ಹಿಡಿಯುತ್ತದೆ. ಗಂಟೆಗೆ 15 ಕಿ.ಮೀ. ವೇಗದ ಸವಾರ ಮೂರು ಸೆಕೆಂಡಿನಲ್ಲಿ ಹನ್ನೆರಡು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತಾನೆ. ಈ ಅಂತರವನ್ನು ಹಿಂದಕ್ಕೆ ಎಣಿಸದಿದ್ದರೆ ತಪ್ಪು ಜಾಗಕ್ಕೆ ದೂರು ಹೊರಿಸಿದಂತಾಗುತ್ತದೆ.

ಬಾಗಲಕೋಟೆಯ ಬಿಸಿಲಿನಲ್ಲಿ ಸುಮ್ಮನೆ ನಿಂತರೂ ಬೆವರುತ್ತದೆ, ಪೆಡಲ್ ತುಳಿದರಂತೂ ಕೇಳಬೇಕೇ ಎಂದು ಯಾರಾದರೂ ಆಕ್ಷೇಪಿಸಿದರೆ ಅದು ತೂಕದ ಆಕ್ಷೇಪವೇ. ಆದರೆ ಬಿಸಿಲಿನ ಬೆವರು ನಿಧಾನವಾಗಿ ಏರಿ ನಿಲ್ಲುತ್ತದೆ. ಬೆಚ್ಚಿದಾಗಿನ ಬೆವರು ಆ ಮಟ್ಟದ ಮೇಲೆ ಮೊನಚಾಗಿ ಎದ್ದು ಇಳಿಯುತ್ತದೆ. ಏರು ಹಾದಿಯ ಶ್ರಮವನ್ನು, ಹ್ಯಾಂಡಲಿನ ಅದುರಾಟವನ್ನು ಬೇರ್ಪಡಿಸಲು ಚಲನೆಯ ಸಂವೇದಕ ಬೇಕು. ಅದಕ್ಕಿಂತ ಮುಖ್ಯವಾಗಿ, ಹಲವು ಸವಾರರು ಹಲವು ದಿನ ಅದೇ ತಿರುವಿನಲ್ಲಿ ಬೆಚ್ಚಿದರೆ ಮಾತ್ರ ಆ ತಿರುವನ್ನು ಅನುಮಾನಿಸಬೇಕು. ಇನ್ನೂ ಆಳದ ಮಿತಿಯೊಂದಿದೆ. ಮೈ ಬೆಚ್ಚಿದ್ದನ್ನು ಹೇಳುತ್ತದೆ, ಯಾಕೆಂದು ಹೇಳುವುದಿಲ್ಲ. ಗೆಳತಿಯನ್ನು ಕಂಡ ಖುಷಿಗೂ ಸಂವೇದಕದ ಗೆರೆ ಏಳುತ್ತದೆ. ಹಾಗಾದರೆ ಬಾಯಿಬಿಟ್ಟು ಕೇಳಿದರೆ ಸಾಲದೇ? ಕೇಳಲೇಬೇಕು. ಆದರೆ ಮನೆ ಸೇರಿದ ಮೇಲೆ ನೆನಪಿನಲ್ಲಿ ಉಳಿಯುವುದು ದೊಡ್ಡ ಗಾಬರಿಯೊಂದೇ, ದಿನವೂ ಅನುಭವಿಸುವ ಸಣ್ಣ ಅಂಜಿಕೆಗಳು ರೂಢಿಯಾಗಿ ಮರೆಯಾಗುತ್ತವೆ. ಯಂತ್ರ ಜಾಗ ತೋರಿಸಲಿ, ಕಾರಣವನ್ನು ಸವಾರರೇ ಹೇಳಲಿ.

2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ ಪಥ ಗುರುತಿಸಿದರು. ಅಂಥ ಪಥದಲ್ಲಿ ಎಷ್ಟು ಜನ ಓಡಾಡಿದರು ಎಂದು ಎಣಿಸಿದರೆ ಅರ್ಧ ಉತ್ತರ ಸಿಗುತ್ತದೆ. ಪಥದೊಳಗೆ ಬಂದಾಗ ಸವಾರರ ಮೈ ಸಡಿಲವಾಯಿತೇ ಎಂಬುದು ಉಳಿದರ್ಧ. ಈ ಪರೀಕ್ಷೆ ನಗರಕ್ಕಷ್ಟೇ ಸೀಮಿತವಾಗಬೇಕಿಲ್ಲ. ಬಾಗಲಕೋಟೆ ಜಿಲ್ಲೆಯ ಬಾದಾಮಿಯಿಂದ ಶಿವಯೋಗ ಮಂದಿರದ ಕಡೆ ಹೋಗುವ ಹಾದಿಯಲ್ಲಿ ಭಕ್ತರ, ಪ್ರವಾಸಿಗರ ವಾಹನಗಳಿವೆ. ಹುನಗುಂದ, ಇಳಕಲ್ಲಿನ ಬಳಿ ಹೆದ್ದಾರಿಯೇ ಹೋಗುತ್ತದೆ. ಹಂಗಾಮು ಬಂತೆಂದರೆ ಜಿಲ್ಲೆಯ ರಸ್ತೆಗಳಿಗೆ ಕಬ್ಬಿನ ಟ್ರ್ಯಾಕ್ಟರುಗಳು ಇಳಿಯುತ್ತವೆ. ಕೆಲವೇ ಕೈಪಟ್ಟಿಗಳನ್ನು ಸರದಿಯ ಮೇಲೆ ಹಂಚಿಕೊಂಡರೂ ಇಲ್ಲೊಂದು ಅಧ್ಯಯನ ಸಾಧ್ಯ. ಸವಾರರು ಶಾಲಾ ಮಕ್ಕಳಾದರೆ ಪೋಷಕರ ಒಪ್ಪಿಗೆ ಇರಬೇಕು, ಯಾವ ಮಗುವಿನ ಹಾದಿಯೂ ಹೆಸರಿನೊಂದಿಗೆ ಹೊರಬೀಳಬಾರದು, ಸವಾರಿ ಬಿಟ್ಟವರನ್ನೂ ಹುಡುಕಿ ಮಾತನಾಡಿಸಬೇಕು. ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳು ಇದನ್ನು ಕೈಗೆತ್ತಿಕೊಳ್ಳಲಿ. ರಸ್ತೆ ಅಗಲಿಸುವ ಮುನ್ನ ಲೋಕೋಪಯೋಗಿ ಇಲಾಖೆ ಆ ನಕ್ಷೆಯನ್ನು ಕೇಳಿ ಪಡೆಯಲಿ.