ರಾಯಚೂರಿನ ಸಾಲನ್ನು ಓದುವ ಬಗೆ

ರಾಯಚೂರು ಜಿಲ್ಲೆಯ ವಳಕಮದಿನ್ನಿಯ ಹೊಲವೊಂದರಿಂದ ರಾತ್ರೋರಾತ್ರಿ ಪಂಪ್‌ಸೆಟ್ ಮೋಟರ್ ಕಳುವಾಯಿತು ಎಂದುಕೊಳ್ಳಿ. ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ, ಅಂದರೆ ಎನ್‌ಸಿಆರ್‌ಬಿ, ಹೊರತರುವ ‘ಕ್ರೈಮ್ ಇನ್ ಇಂಡಿಯಾ’ ವರದಿಗೆ ಆ ಕಳುವು ಸೇರಬೇಕಾದರೆ ಠಾಣೆಯಲ್ಲಿ ಎಫ್‌ಐಆರ್ ಆಗಬೇಕು. ಊರ ಹಿರಿಯರು ಕೂಡಿ ರಾಜಿ ಮಾಡಿಸಿದರೆ, ಇಲ್ಲವೇ ದೂರನ್ನು ಬರೀ ಅರ್ಜಿಯೆಂದು ಇಟ್ಟುಕೊಂಡು ಹಿಂಬರಹ ಕೊಟ್ಟು ಕಳಿಸಿದರೆ, ಲೆಕ್ಕದ ಮಟ್ಟಿಗೆ ಮೋಟರ್ ಹೊಲದಲ್ಲೇ ಇದೆ. ಕೇರಳದ ಅಪರಾಧ ದರ ಬಿಹಾರದ್ದಕ್ಕಿಂತ ಎತ್ತರದಲ್ಲಿರುವುದಕ್ಕೆ ಅಲ್ಲಿ ಕಳ್ಳರು ಹೆಚ್ಚೆಂದು ಯಾರೂ ಅರ್ಥ ಮಾಡುವುದಿಲ್ಲ. ಅಲ್ಲಿ ದೂರು ಕೊಡುವವರೂ ಹೆಚ್ಚು, ಬರೆದುಕೊಳ್ಳುವವರೂ ಹೆಚ್ಚು.

ಎನ್‌ಸಿಆರ್‌ಬಿ ಹುಟ್ಟಿದ್ದು 1986ರಲ್ಲಿ. ವರದಿ ಅದಕ್ಕಿಂತ ಹಳೆಯದು, 1953ರ ಅಂಕಿಗಳಿಂದ ಶುರು. ಠಾಣೆಯ ಅಂಕಿ ಜಿಲ್ಲೆಗೆ, ಅಲ್ಲಿಂದ ಬೆಂಗಳೂರಿಗೆ, ಕೊನೆಗೆ ದೆಹಲಿಗೆ ಹೋಗುತ್ತದೆ. ಅಷ್ಟು ಹೊತ್ತಿಗೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಎಲ್ಲ ಕರಗಿ ‘ರಾಯಚೂರು’ ಎಂಬ ಒಂದು ಸಾಲಾಗಿರುತ್ತದೆ.

ಎಣಿಸುವ ನಿಯಮವೂ ವಿಚಿತ್ರ. ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಹೆಚ್ಚು ಶಿಕ್ಷೆಯದ್ದನ್ನು ಮಾತ್ರ ಎಣಿಸುತ್ತಾರೆ. ಮನೆಗೆ ನುಗ್ಗಿ, ದೋಚಿ, ಕೊಂದರೆ ಅದು ಕೊಲೆ ಮಾತ್ರ. 2020ರ ಜುಲೈಯಲ್ಲಿ ಸಿಂಧನೂರಿನ ಸುಕಾಲಪೇಟೆಯಲ್ಲಿ ಪ್ರೇಮವಿವಾಹದ ದ್ವೇಷಕ್ಕೆ ಒಂದೇ ಮನೆಯ ಹಲವರನ್ನು ಕೊಂದರು. ಇಂಥದ್ದು ‘ಪ್ರಕರಣ’ದ ಕಾಲಂನಲ್ಲಿ ಒಂದೇ, ಎಷ್ಟು ಜೀವ ಹೋದವೆಂದು ತಿಳಿಯಲು ಪಕ್ಕದ ‘ಸಂತ್ರಸ್ತರು’ ಕಾಲಂ ನೋಡಬೇಕು. ಪತ್ರಿಕೆಯ ತಲೆಬರಹಗಳು ಸಾಮಾನ್ಯವಾಗಿ ಮೊದಲ ಕಾಲಂ ಹಿಡಿದೇ ಬರೆದಿರುತ್ತವೆ. ಸುಕಾಲಪೇಟೆ ಕೇಸಿನಲ್ಲಿ ಸಿಂಧನೂರಿನ ನ್ಯಾಯಾಲಯ ಮೂವರಿಗೆ ಗಲ್ಲು, ಒಂಬತ್ತು ಜನರಿಗೆ ಜೀವಾವಧಿ ವಿಧಿಸಿದ್ದು 2025ರ ಏಪ್ರಿಲ್‌ನಲ್ಲಿ.

ಶಿಕ್ಷೆಯ ಪ್ರಮಾಣ ಇನ್ನೂ ಮೋಸದ ಅಂಕಿ. ಒಂದು ವರ್ಷದಲ್ಲಿ ವಿಚಾರಣೆ ಮುಗಿದ ಕೇಸುಗಳಲ್ಲಿ ಎಷ್ಟರಲ್ಲಿ ಶಿಕ್ಷೆಯಾಯಿತು ಎಂಬುದಷ್ಟೇ ಅದು. ಆ ವರ್ಷ ನಡೆದ ಅಪರಾಧಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಪಕ್ಕದ ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ದಲಿತರ ಮೇಲೆ ಹಲ್ಲೆ ನಡೆದು ಗುಡಿಸಲುಗಳಿಗೆ ಬೆಂಕಿ ಬಿದ್ದದ್ದು 2014ರ ಆಗಸ್ಟ್‌ನಲ್ಲಿ. ಕೊಪ್ಪಳದ ಸೆಷನ್ಸ್ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟದ್ದು 2024ರ ಅಕ್ಟೋಬರ್‌ನಲ್ಲಿ. ಹಲ್ಲೆ ಒಂದು ವರ್ಷದ ಪುಟದಲ್ಲಿ, ತೀರ್ಪು ಹತ್ತು ವರ್ಷ ಆಚೆಯ ಪುಟದಲ್ಲಿ. ಅಷ್ಟರೊಳಗೆ ಆರೋಪಿಗಳಲ್ಲಿ 16 ಮಂದಿ ತೀರಿಕೊಂಡಿದ್ದರು.

ಮಟ್ಕಾ, ಅಂದರ್ ಬಾಹರ್ ಕೇಸುಗಳ ಕಥೆ ತಿರುಗಾಮುರುಗಾ. ದೂರು ಕೊಡುವವರೇ ಇಲ್ಲ. ಪೊಲೀಸರು ದಾಳಿ ಮಾಡಿ, ಪಂಚನಾಮೆ ಬರೆದು, ಚೀಟಿ–ಪೆನ್ನು–ನಗದು ಜಪ್ತಿ ಮಾಡಿದರೇ ಕೇಸು. ಕರ್ನಾಟಕ ಪೊಲೀಸ್ ಕಾಯ್ದೆ 1963ರ 78(3), 87ನೇ ಕಲಂಗಳ ಕೇಸು ಏರಿದರೆ ಜೂಜು ಹೆಚ್ಚಿತೆಂದೂ ಹೇಳಬಹುದು, ಹೊಸ ಪಿಎಸ್‌ಐ ಚುರುಕಾಗಿದ್ದಾರೆಂದೂ ಹೇಳಬಹುದು. ಅಂಕಿಯೊಂದನ್ನೇ ನೋಡಿ ಯಾವುದೆಂದು ತೀರ್ಮಾನಿಸಲಾಗದು. ಆದರೆ ಹೆಣ ಮುಚ್ಚಿಡುವುದು ಕಷ್ಟವಾದ್ದರಿಂದ ಊರೂರು ಹೋಲಿಸಲು ಸಂಶೋಧಕರು ಕೊಲೆಯ ಅಂಕಿಯನ್ನೇ ಹೆಚ್ಚು ನಂಬುತ್ತಾರೆ.

ಮೋಟರ್ ಕಳೆದುಕೊಂಡವರು ಮಾಡಬೇಕಾದ್ದು ಇಷ್ಟು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಸರಹದ್ದು ಯಾವುದೇ ಇದ್ದರೂ ಠಾಣೆ ದೂರು ಬರೆದುಕೊಳ್ಳಬೇಕು, ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು. ನಿರಾಕರಿಸಿದರೆ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ. ಅದಕ್ಕೂ ಬಗ್ಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ದೂರುದಾರರಿಗೆ ತಿಳಿಸುವುದು ಪೊಲೀಸರ ಹೊಣೆ. ಕಳ್ಳ ಸಿಗದಿದ್ದರೆ ನ್ಯಾಯಾಲಯಕ್ಕೆ ‘ಸಿ’ ರಿಪೋರ್ಟ್ ಹೋಗುತ್ತದೆ. ಆಗಲೂ ಕಳುವು ರಾಯಚೂರಿನ ಸಾಲಿನಲ್ಲಿ ಉಳಿದಿರುತ್ತದೆ.